ಎತ್ತಿನ ಗೊಂಡೆ, ಕ್ರಿಸ್‌ಮಸ್ ಚಿಕ್ಕಿ ಮತ್ತು ಕೈಕೆಲಸದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ಸಮಿತಿಯವರು ವಿಷಯ ನಿಮಗೇ ಬಿಟ್ಟಿದ್ದು ಅಂದರು. ಹಾಗಾಗಿ ನಾನು ಸೂಜಿ ದಾರದ ಬಗ್ಗೆ ಮಾತಾಡುತ್ತೇನೆ. ಮುಂದಿನ ಸಾಲಿನ ಮಕ್ಕಳ ಕೈಗೆ ಒಂದು ಡಬ್ಬಿ ಕೊಟ್ಟಿದ್ದೇನೆ. ಅದರಲ್ಲಿ ಫೆಲ್ಟ್ ಬಟ್ಟೆಯ ಚಿಕ್ಕಿ, ಗಂಟೆ, ಹಕ್ಕಿ ಮತ್ತು ಉಲ್ಲನ್ ದಾರದ ಗೊಂಡೆಗಳ ಮಾಲೆ ಇವೆ. ಎಲ್ಲವೂ ಕೈಯಿಂದ ಹೊಲಿದವು. ನೋಡಿ, ಮುಟ್ಟಿ, ಹಿಂದಿನ ಸಾಲಿಗೆ ದಾಟಿಸಿ. ತಾಯಂದಿರ ಸಾಲಿಗೆ ಮಾತ್ರ ಮರೆಯದೆ ತಲುಪಬೇಕು, ಯಾಕೆಂದರೆ ಇವುಗಳ ನಿಜವಾದ ಪರೀಕ್ಷಕರು ಅಲ್ಲಿ ಕೂತಿದ್ದಾರೆ.

ಇವು ಕ್ರಿಸ್‌ಮಸ್ ಹಬ್ಬಕ್ಕೆ ಗಿಡಕ್ಕೋ ಬಾಗಿಲಿಗೋ ಕಟ್ಟುವ ಅಲಂಕಾರಗಳು. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಂಗಡಿ, ಕಚೇರಿ, ಅಪಾರ್ಟ್‌ಮೆಂಟುಗಳಲ್ಲಿ ಇವು ತೂಗಾಡುತ್ತವೆ. ಯಂತ್ರದಲ್ಲಿ ಮಾಡಿದ ಪ್ಲಾಸ್ಟಿಕ್ ಮಾಲು ಅಗ್ಗ. ಆದರೂ ಕೈಯಿಂದ ಹೊಲಿದದ್ದೇ ಬೇಕು ಎಂದು ಹುಡುಕಿಕೊಂಡು ಬರುವವರಿದ್ದಾರೆ. ನನ್ನ ಹೆಂಡತಿ ಮತ್ತು ನಾನು ಮೂರು ವರ್ಷದಿಂದ ರಜೆಯ ದಿನಗಳಲ್ಲಿ ಇವನ್ನು ಹೊಲಿಯುತ್ತಿದ್ದೇವೆ. ಇಡೀ ದಿನ ಪರದೆ ನೋಡಿದ ಕಣ್ಣಿಗೆ ಇದು ವಿಶ್ರಾಂತಿ.

ಒಮ್ಮೆ ನಮ್ಮ ಅವ್ವ ಬೆಂಗಳೂರಿಗೆ ಬಂದಾಗ ಈ ಮಾಲೆಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ಕೇಳಿದಳು: "ತಮ್ಮಾ, ಇದು ನಮ್ಮ ಎತ್ತಿನ ಗೊಂಡಿ ಅಲ್ಲೇನೋ? ಇದಕ್ಕ್ಯಾಕ ಇಷ್ಟು ರೊಕ್ಕ ಕೊಡ್ತಾರ?"

ಆ ಎರಡು ಪ್ರಶ್ನೆಗಳೇ ಇವತ್ತಿನ ನನ್ನ ಮಾತು. ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದನ್ನು ಲೆಕ್ಕ ಮಾಡಿ ನೋಡೋಣ.

ಕಾರಹುಣ್ಣಿಮೆಯ ಮುಂಚೆ ನಮ್ಮ ಭಾಗದ ಯಾವ ಸಂತೆಗೆ ಹೋದರೂ ಕೆಂಪು, ಹಳದಿ, ಹಸಿರು ಗೊಂಡೆಗಳು ತೂಗುತ್ತಿರುತ್ತವೆ. ಎತ್ತಿನ ಕೊರಳಿಗೆ ಗೊಂಡೆ, ಹಣೆಗೆ ಪಟ್ಟಿ, ಬೆನ್ನಿಗೆ ಜೂಲ. ಗೊಂಡೆ ಮಾಡುವ ರೀತಿ ಎರಡೂ ಕಡೆ ಒಂದೇ. ದಾರವನ್ನು ಬೆರಳಿಗೋ ರಟ್ಟಿನ ತುಂಡಿಗೋ ನೂರಾರು ಸುತ್ತು ಸುತ್ತಬೇಕು, ನಡು ಬಿಗಿಯಾಗಿ ಕಟ್ಟಬೇಕು, ಎರಡು ತುದಿ ಕತ್ತರಿಸಬೇಕು, ಆಮೇಲೆ ಕತ್ತರಿಯಿಂದ ದುಂಡಗೆ ಮಾಡಬೇಕು. ಸುತ್ತು ಕಡಿಮೆಯಾದರೆ ಗೊಂಡೆ ಜೊಳ್ಳು, ನಡುವಿನ ಗಂಟು ಸಡಿಲಾದರೆ ಎಳೆ ಉದುರುತ್ತವೆ. ಎತ್ತಿನ ಕೊರಳಲ್ಲಿ ದಿನವಿಡೀ ಕುಣಿದರೂ ಉದುರದ ಗೊಂಡೆ ಕಟ್ಟುವವರಿಗೆ ಕ್ರಿಸ್‌ಮಸ್ ಗಿಡದ ಗೊಂಡೆ ಯಾವ ಲೆಕ್ಕ?

ಎರಡನೆಯದು ಕೌದಿ. ಹಳೆ ಸೀರೆ, ಹಳೆ ಧೋತರ ಪದರು ಪದರಾಗಿ ಹಾಸಿ, ಅಂಚಿನಿಂದ ಶುರು ಮಾಡಿ ನಡುವಿನ ತನಕ ಸಾಲು ಹೊಲಿಗೆ ಹಾಕುತ್ತ ಹೋಗುತ್ತಾರೆ. ಪೆನ್ಸಿಲ್ ಗೆರೆ ಇಲ್ಲ, ಸ್ಕೇಲ್ ಇಲ್ಲ, ಆದರೂ ಸಾಲು ತಪ್ಪುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗಳನ್ನು ಇವತ್ತು ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕಿ ತೋರಿಸುತ್ತಾರೆ. ಅವರು ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂ ಇಡದೆ ಕೌದಿ ಮುಗಿಸುವುದಿಲ್ಲ.

ಮೂರನೆಯದು ನಮ್ಮ ತಾಂಡಾಗಳ ಕಸೂತಿ. ಚಿತ್ತಾಪುರ ತಾಲ್ಲೂಕಿನ ತಾಂಡಾಗಳಲ್ಲಿ ವಯಸ್ಸಾದ ತಾಯಂದಿರು ಉಡುವ ಫೇಟಿಯಾ, ಕಾಂಚಳಿಗಳನ್ನು ಹತ್ತಿರದಿಂದ ನೋಡಿ. ಕನ್ನಡಿ ಚೂರನ್ನು ಅಂಟು ಹಾಕದೆ ಬರೀ ದಾರದಲ್ಲಿ ಹಿಡಿದು ನಿಲ್ಲಿಸಿರುತ್ತಾರೆ. ಕವಡೆ, ಗೆಜ್ಜೆ, ಉಣ್ಣೆಯ ಕುಚ್ಚು ಎಲ್ಲ ಸೇರಿದರೂ ಚೌಕ, ತ್ರಿಕೋನಗಳ ಅಳತೆ ಕೆಡುವುದಿಲ್ಲ.

ಈಗ ಮಕ್ಕಳಿಗೆ ಎರಡು ಮಾತು. ಒಂದು ಚಿಕ್ಕಿ ಹೇಗೆ ಮಾಡುವುದು? ಕಂಪಾಸ್ ತೆಗೆದುಕೊಂಡು ಮೂರೂವರೆ ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. 360 ಡಿಗ್ರಿಯನ್ನು ಐದರಿಂದ ಭಾಗಿಸಿದರೆ 72. ಕೋನಮಾಪಕ ಇಟ್ಟು 72 ಡಿಗ್ರಿಗೊಂದು ಚುಕ್ಕೆ ಇಡಿ. ಒಂದು ಚುಕ್ಕೆ ಬಿಟ್ಟು ಒಂದನ್ನು ಸೇರಿಸಿ. ಚಿಕ್ಕಿ ಬಂತು. ಅದರ ಪ್ರತಿ ತುದಿಯ ಕೋನ 36 ಡಿಗ್ರಿ. ಯಾಕೆ ಎಂದು ಗಣಿತದ ಸರ್ ಅವರನ್ನು ಕೇಳಿ, ಅದು ನಿಮ್ಮ ವೃತ್ತದ ಪಾಠದಲ್ಲೇ ಇದೆ. ಈ ಕಾಗದದ ಅಚ್ಚು ಇಟ್ಟು ಫೆಲ್ಟ್‌ನಲ್ಲಿ ಎರಡು ಚಿಕ್ಕಿ ಕತ್ತರಿಸಿ. ಒಂದರ ಮೇಲೊಂದು ಇಟ್ಟು, ಅಂಗಿಗೆ ಕಾಜಾ ಮಾಡುವಂಥ ಹೊಲಿಗೆಯನ್ನು ಅಂಚಿನ ಸುತ್ತ ಹಾಕಿ. ಕೊನೆಯ ಒಂದು ಬದಿ ಉಳಿದಾಗ ಒಳಗೆ ಸ್ವಲ್ಪ ಅರಳೆ ತುಂಬಿ. ಮೊದಲು ತುದಿಗಳಿಗೆ, ಆಮೇಲೆ ನಡುವಿಗೆ. ಮೇಲಿನ ತುದಿಗೆ ದಾರದ ಕುಣಿಕೆ ಸೇರಿಸಿ ಹೊಲಿಗೆ ಮುಗಿಸಿ.

ಫೆಲ್ಟ್ ಯಾಕೆ? ಸಾಮಾನ್ಯ ಬಟ್ಟೆ ನೇಯ್ದದ್ದು, ಕತ್ತರಿಸಿದ ಕಡೆ ಎಳೆ ಬಿಚ್ಚುತ್ತದೆ. ಫೆಲ್ಟ್ ನೇಯ್ದದ್ದಲ್ಲ. ಕುರಿಯ ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಹಾಳೆಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹಾಗಾಗಿ ಅಂಚು ಮಡಚುವ ಕೆಲಸವಿಲ್ಲ, ಕಲಿಯುವವರಿಗೆ ಸುಲಭ. ಅಂಗಡಿಯಲ್ಲಿ ಸಿಗುವ ಅಗ್ಗದ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರಿನದು. ನಮ್ಮ ಕುರಿಗಾರರ ಉಣ್ಣೆ ಒರಟು, ಕಂಬಳಿಯ ಉಣ್ಣೆ. ಮೈಗೆ ಚುಚ್ಚುತ್ತದೆ ಎಂದು ಅದನ್ನು ಕೇಳುವವರು ಕಡಿಮೆಯಾಗಿದ್ದಾರೆ. ಆದರೆ ಬಾಗಿಲಿಗೆ ತೂಗುಹಾಕುವ ಹಕ್ಕಿಗೆ ಒರಟು ಉಣ್ಣೆಯಾದರೇನು? ವಿಜ್ಞಾನದ ಪಿರಿಯಡ್‌ನಲ್ಲಿ ಒಂದು ಬಕೆಟ್ ಬಿಸಿನೀರಿನಲ್ಲಿ ಮಾಡಿ ನೋಡಬಹುದಾದ ಪ್ರಯೋಗ ಇದು.

ಶಾಲೆಗೂ ಈ ಅಲಂಕಾರಗಳಿಗೂ ಹಳೆಯ ನಂಟಿದೆ. ಯುರೋಪಿನಲ್ಲಿ ಹೆಸರಾದ ಮೊರಾವಿಯನ್ ನಕ್ಷತ್ರ ಎಂಬ ಕಾಗದದ ಕ್ರಿಸ್‌ಮಸ್ ನಕ್ಷತ್ರ ಹುಟ್ಟಿದ್ದು ಒಂದು ಗಂಡುಮಕ್ಕಳ ಶಾಲೆಯಲ್ಲಿ. 19ನೇ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಶಾಲೆಯಲ್ಲಿ ರೇಖಾಗಣಿತ ಕಲಿಸಲು ಮಕ್ಕಳಿಂದ ಅದನ್ನು ಮಾಡಿಸಿದರು. ಗಣಿತದ ಪಾಠ ಮುಂದೆ ಹಬ್ಬದ ಅಲಂಕಾರವಾಯಿತು, ಆಮೇಲೆ ಒಂದು ಊರಿನ ಉದ್ಯೋಗವಾಯಿತು. ನಮ್ಮಲ್ಲೂ ಗಾಂಧೀಜಿ 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಹೇಳಿದ್ದು ಇದನ್ನೇ: ಪಾಠ ಕೈಕೆಲಸದ ಮೂಲಕ ಬರಬೇಕು. ನಮ್ಮ ವೇಳಾಪಟ್ಟಿಯಲ್ಲಿ ಕಾರ್ಯಾನುಭವ ಎಂಬ ಪಿರಿಯಡ್ ಇರುವುದು ಆ ವಿಚಾರದ ಕುಡಿಯಾಗಿಯೇ. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಶಾಲೆಗಳಲ್ಲೂ ಮೊದಲು ಬಲಿಯಾಗುವುದು ಆ ಪಿರಿಯಡ್ಡೇ.

ಈಗ ಅವ್ವನ ಎರಡನೆಯ ಪ್ರಶ್ನೆ, ರೊಕ್ಕದ್ದು. ಇದನ್ನು ಸಮಾಧಾನದಿಂದ ಕೇಳಿ, ನನ್ನ ಮಾತಿನ ಗಂಟು ಇಲ್ಲಿದೆ.

ಒಂದು ಫೆಲ್ಟ್ ಹಾಳೆಯಲ್ಲಿ ಏಳು ಸೆಂಟಿಮೀಟರಿನ 12 ತುಂಡು ಬರುತ್ತವೆ, ಅಂದರೆ ಆರು ಚಿಕ್ಕಿ. ಹಾಳೆಗೆ 24 ರೂಪಾಯಿ ಎಂದರೆ ಚಿಕ್ಕಿಗೆ 4. ದಾರ, ಅರಳೆ, ಕುಣಿಕೆಗೆ 3. ಸಾಮಾನಿನ ಖರ್ಚು 7 ರೂಪಾಯಿ. ಕೈ ಪಳಗಿದವರಿಗೂ ಒಂದು ಚಿಕ್ಕಿಗೆ ಅರ್ಧ ಗಂಟೆ ಬೇಕು. ಎಂಟು ಗಂಟೆಗೆ 16 ಚಿಕ್ಕಿ. ಒಬ್ಬ ಮಧ್ಯವರ್ತಿ ಬಂದು ಸಾಮಾನು ನಿಮ್ಮದೇ, ಚಿಕ್ಕಿಗೆ 15 ರೂಪಾಯಿ ಎಂದ ಅಂದುಕೊಳ್ಳಿ. ಉಳಿಯುವುದು 8. ದಿನಕ್ಕೆ 128 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊತ್ತರೆ ನಮ್ಮ ರಾಜ್ಯದಲ್ಲಿ 2024-25ರ ದಿನಗೂಲಿ 349 ರೂಪಾಯಿ ಇತ್ತು. ಆ ಕೂಲಿಯಾದರೂ ದಕ್ಕಬೇಕೆಂದರೆ ಚಿಕ್ಕಿಗೆ 22 ರೂಪಾಯಿ ದುಡಿಮೆ, 7 ಸಾಮಾನು, ಒಟ್ಟು 29 ಸಿಗಬೇಕು. ಅದಕ್ಕಿಂತ ಕಡಿಮೆಗೆ ಒಪ್ಪಿದವಳು ಕಣ್ಣು, ಸೊಂಟ ಎರಡನ್ನೂ ನೋಯಿಸಿಕೊಂಡು ಕೂಲಿಗಿಂತ ಕಡಿಮೆಗೆ ದುಡಿದ ಹಾಗೆ.

ಈ ಲೆಕ್ಕವನ್ನು ಯಾರೂ ನಮ್ಮ ತಾಯಂದಿರಿಗೆ ಹೇಳಿಕೊಟ್ಟಿಲ್ಲ. ತಿಂಗಳುಗಟ್ಟಲೆ ಕೌದಿ ಹೊಲಿದವಳ ಉಡಿಗೆ ಒಂದಿಷ್ಟು ಜೋಳ, ಒಂದು ಕುಬಸದ ಖಣ ಹಾಕಿ ಕಳಿಸುವುದನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅದರಲ್ಲಿ ಪ್ರೀತಿ ಇತ್ತು, ನಿಜ. ಆದರೆ ದುಡಿಮೆಯ ಲೆಕ್ಕ ಇರಲಿಲ್ಲ. "ಏನ್ ಮಾಡ್ಲಾಕತ್ತೀ ಅವ್ವಾ?" ಎಂದರೆ "ಏನಿಲ್ಲೋ, ಸುಮ್ನ ಕುಂತೀನಿ" ಎನ್ನುತ್ತಾರೆ. ಕೈಯಲ್ಲಿ ಸೂಜಿ ಓಡುತ್ತಲೇ ಇರುತ್ತದೆ! ಅವರ ಬಾಯಲ್ಲೂ ಅದು ಕೆಲಸವಲ್ಲ. ನಾವು ಕೀಲಿಮಣೆ ಒತ್ತುವವರು ಮಾತ್ರ ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ ತೆಗೆದುಕೊಳ್ಳುತ್ತೇವೆ.

ಲೆಕ್ಕ ಮತ್ತು ಹೆಸರು ಎರಡೂ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬಳ್ಳಾರಿ ಜಿಲ್ಲೆಯ ಸಂಡೂರು ಸಾಕ್ಷಿ. ಅಲ್ಲಿನ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಮಹಿಳೆಯರನ್ನು ಸೇರಿಸಿ ಅವರ ಕಸೂತಿಯನ್ನು ಮಾರುಕಟ್ಟೆಗೆ ತಂದಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಅಂಥದೇ ಗುರುತು ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ನಮ್ಮ ತಾಂಡಾದ ಸೂಜಿಯ ಬಗ್ಗೆ ಅಷ್ಟೇ ಹೆಮ್ಮೆ ಇದೆಯೇ? ಗುಳೆ ಹೋಗುವ ಮನೆಗಳ ಹೆಣ್ಣುಮಕ್ಕಳು ಆ ಕಸೂತಿ ಕಲಿಯುವ ಮೊದಲೇ ಊರು ಬಿಡುತ್ತಿದ್ದಾರೆ. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ದಾಟದಿದ್ದರೆ ಆ ವಿದ್ಯೆ ಅಲ್ಲಿಗೆ ಮುಗಿಯಿತು. ಅದನ್ನು ಬರೆದಿಟ್ಟ ಪುಸ್ತಕ ಆ ಮನೆಗಳಲ್ಲಿಲ್ಲ.

ಕ್ರಿಸ್‌ಮಸ್ ನಮ್ಮ ಹಬ್ಬವಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಯಲ್ಲಿ ಆ ಹಬ್ಬ ಮಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ರೈಲು ಹತ್ತಿದರೆ ವಾಡಿ ಎಷ್ಟು ದೂರ? ಇನ್ನು ಸೂಜಿಗೆ ಜಾತಿ ಧರ್ಮ ಇಲ್ಲ. ಎತ್ತಿಗೆ ಜೂಲ ಹೊಲಿಯುವ ಕೈ ಉರುಸಿನ ಗಲೀಫಿಗೂ ಝರಿ ಹಚ್ಚುತ್ತದೆ, ಕೋರಿಸಿದ್ಧೇಶ್ವರ ಜಾತ್ರೆಯ ತೋರಣಕ್ಕೂ ಗೊಂಡೆ ಕಟ್ಟುತ್ತದೆ. ಡಿಸೆಂಬರಿನಲ್ಲಿ ಕೊಳ್ಳುವವರಿದ್ದಾರೆ, ಅದಕ್ಕೆ ಚಿಕ್ಕಿಯಿಂದ ಶುರು ಮಾಡೋಣ ಎಂದೆ. ಬೇಸಿಗೆಯಲ್ಲಿ ಎತ್ತಿನ ಗೊಂಡೆ ಮಾಡಲಿ, ಜಾತ್ರೆಗೆ ತೋರಣ ಮಾಡಲಿ.

ಹುಡುಗರಿಗೂ ಒಂದು ಮಾತು. ಹೊಲಿಗೆ ಹೆಣ್ಣುಮಕ್ಕಳ ಕೆಲಸ ಎಂದು ನಗಬೇಡಿ. ಊರಿನ ಟೇಲರ್ ಅಣ್ಣಂದಿರು ಯಾರು? ಗಾದಿ ಹೊಲಿಯುವವರು ಯಾರು? ಹೊಲಿಗೆ ಮಷಿನ್ ಮುಂದೆ ಗಂಡಸು ಕೂತರೆ ಉದ್ಯೋಗ, ಮನೆಯ ಕಟ್ಟೆಯ ಮೇಲೆ ಹೆಂಗಸು ಸೂಜಿ ಹಿಡಿದರೆ ಹೊತ್ತು ಕಳೆಯುವುದು. ಈ ಭೇದ ನಿಮ್ಮ ತರಗತಿಯಲ್ಲಿ ಮುಗಿಯಲಿ.

ಕೊನೆಯದಾಗಿ, ಶಾಲೆಯ ಮುಂದೆ, ಊರಿನ ಮುಂದೆ ಮೂರು ಕೋರಿಕೆ ಇಡುತ್ತೇನೆ.

ಒಂದು, ವಾರದ ಕಾರ್ಯಾನುಭವದ ಪಿರಿಯಡ್ ಕಾರ್ಯಾನುಭವಕ್ಕೇ ಇರಲಿ, ಹುಡುಗ ಹುಡುಗಿಯರಿಗೆ ಸಮನಾಗಿ.

ಎರಡು, ಕಲಿಸಲು ಊರಿನ, ತಾಂಡಾದ ತಾಯಂದಿರೇ ಬರಲಿ. ಅವರಿಗೆ ಶಾಲು ಹೊದಿಸಿ ಕಳಿಸಿದರೆ ಸಾಲದು, ಬಂದ ದಿನದ ಗೌರವಧನ ಕೊಡಬೇಕು. ಖಾತ್ರಿ ಕೂಲಿಗಿಂತ ಒಂದು ರೂಪಾಯಿಯೂ ಕಡಿಮೆ ಬೇಡ. ನಮ್ಮ ಬ್ಯಾಚಿನ ಗೆಳೆಯರು ಮಾತಾಡಿಕೊಂಡಿದ್ದೇವೆ. ಮೊದಲ ಎರಡು ವರ್ಷದ ಗೌರವಧನ ಮತ್ತು ಫೆಲ್ಟ್, ದಾರ, ಸೂಜಿ, ಕತ್ತರಿಯ ಖರ್ಚು ನಮ್ಮದು.

ಮೂರು, ಪ್ರತಿ ಮಗು ಒಂದು ಲೆಕ್ಕದ ಪುಸ್ತಕ ಇಡಲಿ. ಸಾಮಾನಿಗೆ ಎಷ್ಟು, ಎಷ್ಟು ನಿಮಿಷ ಹಿಡಿಯಿತು, ಎಷ್ಟಕ್ಕೆ ಮಾರಿದರೆ ದುಡಿಮೆ ದಕ್ಕುತ್ತದೆ. ಆ ಪುಸ್ತಕವನ್ನು ಮನೆಗೆ ಒಯ್ದು ಅವ್ವನಿಗೆ ಓದಿ ಹೇಳಲಿ. ಮಾಲು ಬೆಂಗಳೂರಿಗೆ ಒಯ್ಯುವ, ಮಾರಿದ ಹಣ ಪೂರ್ತಿ ತಂದು ಒಪ್ಪಿಸುವ ಕೆಲಸ ನಾವು ಮಾಡುತ್ತೇವೆ. ಕ್ರಿಸ್‌ಮಸ್ ಮಾಲು ನವೆಂಬರ್ ಮೊದಲ ವಾರದಲ್ಲಿ ಸಿದ್ಧವಿರಬೇಕು. ತೊಗರಿ ರಾಶಿ ಶುರುವಾಗುವ ಮೊದಲೇ ಮುಗಿಯುತ್ತದೆ, ಹೊಲದ ಕೆಲಸಕ್ಕೂ ಅಡ್ಡಿಯಿಲ್ಲ.

ಈ ಶಾಲೆ ಐವತ್ತು ವರ್ಷದಲ್ಲಿ ನಮ್ಮಂಥ ಎಷ್ಟೋ ಜನರಿಗೆ ಲೆಕ್ಕ ಕಲಿಸಿ ಹೊರಗೆ ಕಳಿಸಿದೆ. ಆ ಲೆಕ್ಕ ಇನ್ನು ಮುಂದೆ ಊರಿನ ಕಟ್ಟೆಯ ಮೇಲೆ ಕೂತು ಹೊಲಿಯುವವರ ಉಪಯೋಗಕ್ಕೂ ಬರಲಿ. ಡಬ್ಬಿ ಈಗ ತಾಯಂದಿರ ಸಾಲಿಗೆ ಹೋಗಿದೆ. ಹೊಲಿಗೆ ಹೇಗಿದೆ, ಎಲ್ಲಿ ಸಡಿಲಾಗಿದೆ ಎಂದು ಊಟದ ಹೊತ್ತಿಗೆ ನನಗೆ ಹೇಳಬೇಕು.