ಮಿಕ್ಸರ್ ಲಾರಿ ತಡವಾದರೆ ಮೋಲ್ಡಿಂಗ್ ಕೆಡುತ್ತದೆಯೇ?

ಮನೆ ಕಟ್ಟಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ರೆಡಿಮಿಕ್ಸ್ ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು, ತಾರಸಿ ಕೈಕೊಡುತ್ತದೆಯೇ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಹೆದರಬೇಕಾದ ಜಾಗ ಬೇರೆ. ರೆಡಿಮಿಕ್ಸ್‌ಗೆಂದೇ ಇರುವ ಐಎಸ್ 4926 ಮಾನಕದ 2003ರ ಆವೃತ್ತಿಯ ಪ್ರಕಾರ, ಮಾಲಿಗೆ ನೀರು ಬಿದ್ದ ಹೊತ್ತಿನಿಂದ 2 ಗಂಟೆಯೊಳಗೆ ಲಾರಿ ಖಾಲಿಯಾಗಬೇಕು. ಬೇಗ ಗಟ್ಟಿಯಾಗದಂತೆ ತಡೆಯುವ ರಾಸಾಯನಿಕ ಬೆರೆಸಿದ್ದರೆ ಇನ್ನಷ್ಟು ಸಡಿಲಿಕೆಯೂ ಉಂಟು. ಹಾಗಾಗಿ ಲಾರಿ ಒಂದೂಕಾಲು ಗಂಟೆ ದಾರಿಯಲ್ಲಿತ್ತು ಎಂದ ಮಾತ್ರಕ್ಕೆ ಮಾಲು ಕೆಟ್ಟಿರುವುದಿಲ್ಲ. ತಡವಾಗಿ ಬಂದ ಲಾರಿಯ ಡ್ರಮ್ಮಿಗೆ ಪೈಪ್ ಹಿಡಿದು ನೀರು ಬಿಡುತ್ತಾರಲ್ಲ, ಕೆಡುವುದು ಆಗ. ಅದಕ್ಕೆ ಡ್ರೈವರ್ ಒಬ್ಬನನ್ನೇ ಬೈದು ಸುಮ್ಮನಾಗುತ್ತೇವೆ. ನಿಜವಾಗಿ ನೋಡಿದರೆ, ಪ್ಲಾಂಟಿನಿಂದ ಸೈಟಿನವರೆಗೆ ಐದಾರು ಜನರ ಹೊಂದಾಣಿಕೆ ತಪ್ಪಿದಾಗಲೇ ಆ ಪೈಪ್ ಹೊರಗೆ ಬರುವುದು.

ಲೆಕ್ಕ ಹಾಕಿ ನೋಡೋಣ. 30-40 ಸೈಟಿನ ಒಂದು ಮನೆಯ ತಾರಸಿಗೆ ಬೀಮುಗಳೂ ಸೇರಿ 15 ಘನ ಮೀಟರ್ ಬೇಕು ಎಂದುಕೊಳ್ಳಿ. ಲಾರಿಗೆ 6 ಘನ ಮೀಟರಿನಂತೆ ಮೂರು ಲೋಡು. ಶ್ರಾವಣದಲ್ಲಿ ಒಳ್ಳೆಯ ದಿನವೊಂದು ಸಿಕ್ಕಿದರೆ ಎಲ್ಲರಿಗೂ ಅವತ್ತೇ ಮೋಲ್ಡಿಂಗ್ ಆಗಬೇಕು, ಅದೂ ಬೆಳಿಗ್ಗೆಯೇ ಆಗಬೇಕು. ಮೂರು ಲೋಡೂ ಒಟ್ಟಿಗೆ ಬಂದು ನಿಂತರೆ ಮನೆ ಮಾಲೀಕರಿಗೆ ಸಮಾಧಾನ, ಬೇಗ ತುಂಬಿ ಕಳಿಸಿದರೆ ಪ್ಲಾಂಟಿಗೂ ಹಗುರ. ಆದರೆ ದಾರಿ ಮುಕ್ಕಾಲು ಗಂಟೆಯದು, ಪಂಪಿಗೆ ಒಂದು ಲಾರಿ ಖಾಲಿ ಮಾಡಲು ಅರ್ಧ ಗಂಟೆ ಬೇಕು ಎಂದಾದರೆ, ಮೂರನೆಯ ಲಾರಿ ಸೈಟಿನ ಮುಂದೆ ಒಂದು ಗಂಟೆ ಸುಮ್ಮನೆ ನಿಲ್ಲುತ್ತದೆ. ಅದು ಖಾಲಿಯಾಗುವ ಹೊತ್ತಿಗೆ ಎರಡೂಕಾಲು ಗಂಟೆ. ಅದೇ ಲಾರಿಗಳನ್ನು ಅರ್ಧರ್ಧ ಗಂಟೆ ಬಿಟ್ಟು ಕಳಿಸಿದ್ದರೆ ಪ್ರತಿಯೊಂದೂ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ರಸ್ತೆ ಅದೇ, ಟ್ರಾಫಿಕ್ ಅದೇ. ಅಂತರ ವಿಪರೀತವಾದರೂ ಕಷ್ಟವೇ: ಮೊದಲು ಸುರಿದದ್ದು ಬಿಗಿದ ಮೇಲೆ ಹೊಸದು ಅದಕ್ಕೆ ಕೂಡಿಕೊಳ್ಳುವುದಿಲ್ಲ, ಮುಂದೆ ಮಳೆನೀರು ಜಿನುಗುವುದು ಆ ಗೆರೆಯಲ್ಲೇ. ಈ ಎರಡರ ನಡುವೆ ಹದ ಹಿಡಿಯುವುದು ಲಾರಿ ಕಳಿಸುವವನ ಕೆಲಸ. ಪಂಪಿನ ಪೈಪ್ ಕಟ್ಟಿಕೊಂಡ ಸುದ್ದಿಯನ್ನು ಸೈಟಿನಿಂದ ಯಾರೂ ತಿಳಿಸದಿದ್ದರೆ ಎಂಥ ಜಾಣನಾದರೂ ಏನು ಮಾಡಿಯಾನು?

ಇನ್ನು ನೀರಿನ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಕ್ಷಮಿಸಿ. ಕಾಂಕ್ರೀಟಿನ ಬಲ ನಿಂತಿರುವುದು ಮುಖ್ಯವಾಗಿ ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣದ ಮೇಲೆ. ಅಮೆರಿಕದ ಡಫ್ ಏಬ್ರಮ್ಸ್ ಇದನ್ನು 1918ರಲ್ಲೇ ಪ್ರಯೋಗಗಳಿಂದ ತೋರಿಸಿದರು. ಒಂದು ಘನ ಮೀಟರಿಗೆ 340 ಕಿಲೋ ಸಿಮೆಂಟ್, 170 ಲೀಟರ್ ನೀರು ಎಂದರೆ ಪ್ರಮಾಣ 0.50. ಇಳಿಸುವ ಹೊತ್ತಿಗೆ ಮಾಲು ಬಿಗಿಯಾಗಿ ಕಂಡು, ಇಡೀ ಲೋಡಿಗೆ 120 ಲೀಟರ್ ಬಿಟ್ಟರು ಎನ್ನಿ. ಘನ ಮೀಟರಿಗೆ 20 ಲೀಟರ್ ಕೂಡಿತು, ಪ್ರಮಾಣ 0.56 ಆಯಿತು. ಎಂ25 ದರ್ಜೆಯ ಕಾಂಕ್ರೀಟಿಗೆ ದುಡ್ಡು ಕೊಟ್ಟವರ ತಾರಸಿ ಎಂ20ರ ಹತ್ತಿರಕ್ಕೆ ಇಳಿಯಲು ಅಷ್ಟು ಸಾಕು. ಸಿಮೆಂಟ್ ಬಳಸಿಕೊಳ್ಳದ ನೀರು ಎಲ್ಲಿಗೆ ಹೋಗುತ್ತದೆ? ನಿಧಾನವಾಗಿ ಆರಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಸಾರಿಗೆ ನೀರು ಹೆಚ್ಚಿದರೆ ಕುದಿಸಿ ಇಂಗಿಸಬಹುದು, ಕಾಂಕ್ರೀಟಿನಲ್ಲಿ ಆ ತೂತುಗಳನ್ನು ಯಾರೂ ಮುಚ್ಚಲಾರರು. ಮಾಲು ಸರಾಗವಾಗಿ ಹರಿಯಬೇಕಾದರೆ ಪ್ಲಾಂಟಿನವರೇ ಅಳತೆಯಿಂದ ಹಾಕುವ ರಾಸಾಯನಿಕ ಇದೆ, ಅದು ನೀರಿನ ಪ್ರಮಾಣವನ್ನು ಮುಟ್ಟುವುದಿಲ್ಲ. 'ಕೆಮಿಕಲ್ ಬೇಡ, ನೀರೇ ಹಾಕಿ' ಎನ್ನುವವರಿಗೆ ಏನು ಹೇಳುವುದು! ಅವರು ಹೆದರುವುದು ಮದ್ದಿಗೆ, ಕುಡಿಸುವುದು ವಿಷ.

ಬರೀ ಸೈಟಿನಲ್ಲೇ ಕಳ್ಳನೀರು ಸೇರುತ್ತದೆ ಎಂದೇನಿಲ್ಲ. ರಾತ್ರಿ ಮಳೆ ಬಂದು ಪ್ಲಾಂಟಿನಲ್ಲಿ ಎಂ-ಸ್ಯಾಂಡ್ ರಾಶಿ ನೆನೆದಿದೆ ಎನ್ನಿ. ಘನ ಮೀಟರಿಗೆ 800 ಕಿಲೋ ಮರಳು, ಅದರಲ್ಲಿ ನೂರಕ್ಕೆ 4ರಷ್ಟು ತೇವ ಹೆಚ್ಚಾದರೆ 32 ಲೀಟರ್, 6 ಘನ ಮೀಟರಿಗೆ 192 ಲೀಟರ್. ರಾಶಿಯ ತಳ ಒದ್ದೆಯಾದದ್ದು ಮೊದಲು ಕಾಣುವುದು ಮರಳು ತುಂಬುವ ಲೋಡರ್ ಓಡಿಸುವವನಿಗೆ, ನೀರು ಕಡಿಮೆ ಮಾಡಬೇಕಾದವನು ಕಂಪ್ಯೂಟರ್ ಮುಂದೆ ಕೂತವನು. ಹಿಂದಿನ ಟ್ರಿಪ್ ಮುಗಿಸಿ ತೊಳೆದ ಡ್ರಮ್ಮಿನಲ್ಲಿ ನೀರು ಉಳಿದಿದ್ದರೆ ಅದು ಡ್ರೈವರಿಗೆ ಮಾತ್ರ ಗೊತ್ತು. 'ಎಲ್ಲಾ ಕಂಪ್ಯೂಟರ್ ಸಾರ್, ತಪ್ಪೇ ಆಗಲ್ಲ' ಎಂಬ ಮಾತಿಗೆ ಉತ್ತರ ಇಲ್ಲಿದೆ. ಯಂತ್ರ ತನಗೆ ಹೇಳಿದ್ದನ್ನು ತಪ್ಪಿಲ್ಲದೆ ತೂಗುತ್ತದೆ. ತೇವ ಅಳೆಯುವ ಸಾಧನ ಇದ್ದರೂ ಅದನ್ನು ಆಗಾಗ ಮರಳು ಹುರಿದು, ತೂಗಿ, ತಾಳೆ ನೋಡುವ ಕೈ ಬೇಕು. ಕೆಲಸ ಮೈಮೇಲೆ ಬಿದ್ದ ದಿನ ಮೊದಲು ಬಿಟ್ಟುಹೋಗುವುದು ಇಂಥ ಎರಡು ನಿಮಿಷದ ಕೆಲಸಗಳೇ.

ಹಾಗಾದರೆ ಸೈಟಿನಲ್ಲೇ ಕಲಸುವುದು ವಾಸಿಯಲ್ಲವೇ ಎಂದು ಕೇಳಬಹುದು. ಅಲ್ಲಿ ದಾರಿಯ ತೊಂದರೆ ಇಲ್ಲ, ನಿಜ. ಆದರೆ ಅಲ್ಲಿ ಮರಳನ್ನು ಬಾಂಡ್ಲಿಯಲ್ಲಿ, ನೀರನ್ನು ಬಕೆಟ್ಟಿನಲ್ಲಿ ಅಳೆಯುತ್ತಾರೆ, ಮಧ್ಯಾಹ್ನ ದಣಿದ ಕೈ ಬೆಳಗಿನ ಅಳತೆಯನ್ನೇ ಹಾಕುತ್ತದೆ ಎಂಬ ಭರವಸೆ ಇಲ್ಲ. ಕಷ್ಟ ಬೇರೆ ರೂಪದಲ್ಲಿ ಬರುತ್ತದೆ, ಅಷ್ಟೆ. ಎಲ್ಲ ಹೊಣೆಯೂ ಸಪ್ಲೈಯರನದೇ ಎಂಬ ವಾದವನ್ನೂ ಪೂರ್ತಿ ಒಪ್ಪಲಾಗದು. ಸೆಂಟ್ರಿಂಗ್ ಮುಗಿಯುವ ಮೊದಲೇ ಲಾರಿ ತರಿಸಿ ಬೀದಿಯಲ್ಲಿ ನಿಲ್ಲಿಸಿಕೊಂಡವರು ಯಾರನ್ನು ದೂರುತ್ತಾರೆ?

ಸದ್ಯಕ್ಕೆ ಇಷ್ಟು ಮಾಡಿ: ಚಲನ್‌ನಲ್ಲಿ ಲೋಡಾದ ಹೊತ್ತು ನೋಡಿ. ಪ್ಲಾಂಟಿನೊಡನೆ ಮಾತಾಡುವ ಹೊಣೆಯನ್ನು ಒಬ್ಬರಿಗೇ ವಹಿಸಿ. ಮೇಸ್ತ್ರಿ, ಭಾವಮೈದ, ಪಕ್ಕದ ಮನೆಯವರು ಎಲ್ಲರೂ ಫೋನ್ ಮಾಡುವುದು ಬೇಡ. ಮೊದಲ ಲಾರಿ ಅರ್ಧ ಖಾಲಿಯಾದಾಗ ಆ ಒಬ್ಬರೇ ಪ್ಲಾಂಟಿಗೆ ಒಂದು ಮಾತು ತಿಳಿಸಲಿ. ನೀರಿನ ಪೈಪನ್ನು ಅಷ್ಟು ಹೊತ್ತು ಸುತ್ತಿಡಿ, ಮಾರನೆಯ ದಿನ ಕ್ಯೂರಿಂಗಿಗೆ ಹೇಗೂ ಬೇಕು.