ಗರ್ಭಕೋಶದ ಗಡ್ಡೆ: ವರದಿ ಪಡೆಯದೆ ಊರಿಗೆ ಹೋಗಬೇಡಿ

(ರೋಗಿಗಳಿಗೆ ಹಾಗೂ ಅವರ ಬಂಧುಗಳಿಗಾಗಿ ಸ್ತ್ರೀರೋಗ ತಜ್ಞರು ನೀಡಿದ ಉಪನ್ಯಾಸ)



“ಡಾಕ್ಟರೆ, ಸ್ಕ್ಯಾನಿಂಗ್ ಆಯಿತು, ರಕ್ತ ತಪಾಸಣೆಯೂ ಆಯಿತು. ಇದು ಸಾದಾ ಗಡ್ಡೆಯೋ, ಕ್ಯಾನ್ಸರೋ, ಹೇಳಿಬಿಡಿ” ಎಂದು ಅನೇಕರು ಕೇಳುತ್ತೀರಿ. ಕೇಳುವುದು ಸರಿಯೇ. ಆದರೆ ಗರ್ಭಕೋಶದ ಒಂದು ಅಪರೂಪದ ಕ್ಯಾನ್ಸರ್ ವಿಷಯದಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ಖಚಿತವಾಗಿ ಹೇಳುವುದು ಅನೇಕ ಸಲ ಸಾಧ್ಯವಾಗುವುದಿಲ್ಲ.

ಗರ್ಭಕೋಶಕ್ಕೆ ಒಂದು ಒಳಪದರವೂ, ಅದರ ಸುತ್ತ ದಪ್ಪನಾದ ಸ್ನಾಯುವಿನ ಗೋಡೆಯೂ ಇರುತ್ತವೆ. ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಒಳಪದರದಲ್ಲಿ ಹುಟ್ಟುತ್ತವೆ. ಅವು ರಕ್ತಸ್ರಾವದಿಂದ ಸೂಚನೆ ಕೊಡುತ್ತವೆ; ಒಳಪದರದ ತುಣುಕು ಪರೀಕ್ಷೆಯಿಂದ ಸಾಮಾನ್ಯವಾಗಿ ಪತ್ತೆಯಾಗುತ್ತವೆ. ಸಾರ್ಕೋಮಾ ಎಂಬ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಸ್ನಾಯುವಿನ ಗೋಡೆಯಲ್ಲಿ. ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಸುಮಾರು 3ರಿಂದ 7. ಅದೇ ಗೋಡೆಯಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ಸಾದಾ ಗಡ್ಡೆಯಾದರೋ ಬಹಳ ಸಾಮಾನ್ಯ. ಅತಿಯಾದ ರಕ್ತಸ್ರಾವ, ಕಿಬ್ಬೊಟ್ಟೆಯ ಭಾರ, ನೋವು, ಪದೇ ಪದೇ ಮೂತ್ರಕ್ಕೆ ಹೋಗುವುದು ಎರಡರಲ್ಲೂ ಇರುತ್ತವೆ.

ಸ್ಕ್ಯಾನಿಂಗ್‌ನಲ್ಲಿ ಎರಡೂ ಒಂದೇ ತರಹ ಕಾಣಬಹುದು. ಎಂ.ಆರ್.ಐ.ನಿಂದ ಅನುಮಾನ ಬರಬಹುದು, ನಿರ್ಧಾರ ಆಗುವುದಿಲ್ಲ. ರಕ್ತ ಪರೀಕ್ಷೆಯೂ ಖಚಿತವಾಗಿ ಹೇಳಲಾರದು. ಪ್ಯಾಪ್ ಪರೀಕ್ಷೆ ಗರ್ಭಕೋಶದ ಕಂಠದ ಕ್ಯಾನ್ಸರ್‌ಗಾಗಿ ಇರುವಂಥದ್ದು. ಒಳಪದರದ ತುಣುಕು ತೆಗೆದಾಗ ಗೋಡೆಯೊಳಗಿನ ಗಡ್ಡೆ ಸಿಗದೆ ಹೋಗಬಹುದು. ಕೊನೆಗೆ, ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ನಿಜ ತಿಳಿಯುತ್ತದೆ. ಕೆಲವೊಮ್ಮೆ ಇನ್ನೊಬ್ಬ ತಜ್ಞರ ಅಭಿಪ್ರಾಯವೂ ಬೇಕಾಗುತ್ತದೆ.

ವೈದ್ಯರಾದವರಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಅರಿವಳಿಕೆ ತಜ್ಞೆ ಡಾ. ಏಮಿ ರೀಡ್ ಅವರಿಗೆ 2013ರಲ್ಲಿ ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯೊಳಗೇ ಯಂತ್ರದಿಂದ ಚೂರು ಮಾಡಿ ತೆಗೆಯಲಾಯಿತು. ಆಮೇಲಿನ ಪರೀಕ್ಷೆಯಲ್ಲಿ ಅದು ಸಾರ್ಕೋಮಾ ಎಂದು ಗೊತ್ತಾಯಿತು. ಹೀಗೆ ಚೂರು ಮಾಡುವಾಗ ಅಡಗಿರುವ ಕ್ಯಾನ್ಸರ್ ಹರಡಬಹುದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತು. ಫೈಬ್ರಾಯ್ಡ್‌ಗೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಸಾರ್ಕೋಮಾ ಇರಬಹುದೆಂಬುದು ಆಗಿನ ಅಂದಾಜು. ಆ ವೈದ್ಯೆ 2017ರಲ್ಲಿ, 44ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದನ್ನು ಕೇಳಿ ಗಾಬರಿಯಾಗಬೇಡಿ. ಉಳಿದ 349 ಜನರದು ಸಾರ್ಕೋಮಾ ಅಲ್ಲ ಎಂಬುದೂ ಅಷ್ಟೇ ನಿಜ. ಹೆದರಿಕೆಯಿಂದ ಗರ್ಭಕೋಶ ತೆಗೆಸಿಕೊಳ್ಳುವುದು ಬೇಡ. ಆದರೆ ಈ ಮಾತುಗಳನ್ನು ನೆನಪಿಡಿ:

1. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೆಪಡದೆ ವೈದ್ಯರಿಗೆ ತೋರಿಸಿ.

2. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಸಾಮಾನ್ಯವಾಗಿ ಕುಗ್ಗುತ್ತದೆ. ಆಗಲೂ ಬೆಳೆಯುತ್ತಿದ್ದರೆ ತಡಮಾಡಬೇಡಿ.

3. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಂಡಿದ್ದರೆ, ಕಿಬ್ಬೊಟ್ಟೆಗೆ ಹಿಂದೆ ವಿಕಿರಣ ಚಿಕಿತ್ಸೆಯಾಗಿದ್ದರೆ ಮೊದಲೇ ತಿಳಿಸಿ.

4. ಗಡ್ಡೆಯನ್ನು ಇಡಿಯಾಗಿ ತೆಗೆಯುತ್ತೀರೋ, ಚೂರು ಮಾಡಿ ತೆಗೆಯುತ್ತೀರೋ ಎಂದು ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಿ. ಕೇಳುವುದು ನಿಮ್ಮ ಹಕ್ಕು.

5. ತೆಗೆದ ಗಡ್ಡೆ ಪರೀಕ್ಷೆಗೆ ಹೋಗಿದೆಯೇ, ವರದಿ ಯಾವಾಗ ಬರುತ್ತದೆ ಎಂದು ವಿಚಾರಿಸಿ.

ಕೊನೆಯ ಮಾತು ಬಂಧುಗಳಿಗೆ. ಹೊಲಿಗೆ ಬಿಚ್ಚಿದರು, ಇನ್ನು ಎಲ್ಲ ಮುಗಿಯಿತು ಎಂದು ತಿಳಿಯಬೇಡಿ. ವರದಿ ಪ್ರಯೋಗಾಲಯದಲ್ಲೇ ಉಳಿದರೆ, ಅದರಲ್ಲಿ ಕ್ಯಾನ್ಸರ್ ಎಂದು ಬರೆದಿದ್ದರೂ ರೋಗಿಗೆ ತಿಳಿಯುವುದಿಲ್ಲ. ಚಿಕಿತ್ಸೆಯ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಹಾಸಿಗೆಯಲ್ಲಿರುವ ತಾಯಿಗೆ ಓಡಾಡಲು ಆಗುವುದಿಲ್ಲ. ಮಗನೋ ಮಗಳೋ ಬಂದು ವರದಿ ಪಡೆದು, ವೈದ್ಯರಿಗೆ ತೋರಿಸಿ, ಮನೆಯಲ್ಲಿ ಜೋಪಾನವಾಗಿಡಿ. ಆ ಒಂದು ಹಾಳೆ ಓದಿಸಿದ ಮೇಲೆಯೇ ನೆಮ್ಮದಿಯಿಂದಿರಿ.

ಎಲ್ಲರಿಗೂ ಒಳ್ಳೆಯ ಆರೋಗ್ಯ ಲಭಿಸಲಿ.