ಅಪ್ಪನ ಪೆಟ್ಟಿಗೆ, ಮಗನ ಪೆಟ್ಟಿಗೆ

ಹೋದ ಸಲ ಇಲ್ಲಿ ಜರ್ಮನಿಯಲ್ಲಿ ಬಾಡಿಗೆ ಮನೆ ಹಿಡಿಯುವ ಪಾಡಿನ ಬಗ್ಗೆ ಮಾತಾಡಿದ್ದೆ. ಅದನ್ನು ಕೇಳಿ ಸ್ಟುಟ್‌ಗಾರ್ಟ್ ಹತ್ತಿರದಿಂದ ಒಬ್ಬ ಹಿರಿಯರು ರೇಡಿಯೋಗೆ ಪತ್ರ ಬರೆದಿದ್ದಾರೆ. ಅವರ ಯಜಮಾನರು ತೊಂಬತ್ತರ ದಶಕದಲ್ಲಿ ಇಲ್ಲಿಗೆ ಬಂದವರು, ಕಾರ್ಖಾನೆಯಲ್ಲಿ ಕೆಲಸ. ಶನಿವಾರ ಬಂತೆಂದರೆ ಕೆಳಗಿನ ನೆಲಮಾಳಿಗೆಯಲ್ಲಿ ಮರಗೆಲಸ. ಅವರು ಹೋಗಿ ಎರಡು ವರ್ಷವಾಯಿತಂತೆ. ಈಗ ಅಮ್ಮ ಚಿಕ್ಕ ಮನೆಗೆ ಹೋಗುತ್ತಿದ್ದಾರೆ, ತಿಂಗಳ ಕೊನೆಗೆ ನೆಲಮಾಳಿಗೆ ಖಾಲಿ ಮಾಡಿಕೊಡಬೇಕು. ಅಲ್ಲಿ ಹದಿಮೂರು ಪ್ಲಾಸ್ಟಿಕ್ ಪೆಟ್ಟಿಗೆ, ಅವುಗಳನ್ನಿಡಲು ಯಜಮಾನರೇ ಕೈಯಾರೆ ಮಾಡಿದ ಒಂದು ಮರದ ಕಪಾಟು. ಮಗ ಬರ್ಲಿನ್‌ನಲ್ಲಿ ಮನೆ ಮಾಡಿದ್ದಾನೆ, ಅವನೂ ಹೊಸದಾಗಿ ಡ್ರಿಲ್ಲಿಂಗ್ ಮಷಿನ್ ತಗೊಂಡಿದ್ದಾನೆ, ಅದೂ ಅಂಥದೇ ಪೆಟ್ಟಿಗೆಯಲ್ಲಿ ಬಂದಿದೆ. ಆದರೆ ಆ ಹೊಸ ಪೆಟ್ಟಿಗೆ ಅಪ್ಪನ ಕಪಾಟಿನೊಳಗೆ ಹೋಗುತ್ತಿಲ್ಲ. "ಹೊಂದದ ಮೇಲೆ ಇಟ್ಟುಕೊಂಡು ಏನು ಮಾಡಲಿ, ಮಾರಿಬಿಡಮ್ಮ ಅಂತಾನೆ. ನಿಜವಾಗಿ ಹೊಂದುವುದಿಲ್ಲವೇ?" ಇದು ಅವರ ಪ್ರಶ್ನೆ. ಒಂದೆರಡು ಫೋಟೋ, ಟೇಪು ಹಿಡಿದು ಅಳೆದ ಲೆಕ್ಕ, ಎಲ್ಲ ಕಳಿಸಿದ್ದಾರೆ.

ಊರಿನಲ್ಲಿರುವವರಿಗೆ ಇದೇನು ಪೆಟ್ಟಿಗೆ ಪುರಾಣ ಅನ್ನಿಸಬಹುದು. ಊರಲ್ಲಿ ಬಡಗಿ ತನ್ನ ಹತ್ಯಾರಗಳನ್ನು ಒಂದು ಗೋಣಿಚೀಲದಲ್ಲೋ ಕ್ಯಾನ್ವಾಸ್ ಬ್ಯಾಗಿನಲ್ಲೋ ಹಾಕಿಕೊಂಡು ಬರುತ್ತಾನೆ, ನಾವು ಕಾಫಿ ಕೊಟ್ಟು ನೋಡುತ್ತ ಕೂರುತ್ತೇವೆ. ಇಲ್ಲಿ ಹಾಗಲ್ಲ. ಬಾಡಿಗೆ ಮನೆಯ ಬೀಗದ ಕೈ ಕೊಡುವಾಗ ಅಡಿಗೆಮನೆ ಅಂದರೆ ನಾಲ್ಕು ಗೋಡೆ, ಒಂದು ನಲ್ಲಿ. ಚಾವಣಿಯಲ್ಲಿ ದೀಪವಿಲ್ಲ, ಎರಡು ವೈರು ನೇತಾಡುತ್ತಿರುತ್ತವೆ. ಒಬ್ಬರನ್ನು ಕರೆಸಿದರೆ ಗಂಟೆಯ ಲೆಕ್ಕ, ಬಂದು ಹೋಗುವ ದಾರಿಯ ಲೆಕ್ಕ ಬೇರೆ. ಹಾಗಾಗಿ ಊರಲ್ಲಿ ಮೊಳೆ ಹೊಡೆಯದವರೂ ಇಲ್ಲಿ ಬಂದು ಎರಡು ವರ್ಷದಲ್ಲಿ ಅರ್ಧ ಬಡಗಿ ಆಗಿರುತ್ತಾರೆ. ಹತ್ಯಾರ ಬಂದ ಮೇಲೆ ಪೆಟ್ಟಿಗೆ ಬರುತ್ತದೆ. ಅದೂ ಒಂದರ ಮೇಲೊಂದು ಕೂತು ಚಿಲಕ ಹಾಕಿಕೊಳ್ಳುವ ಪೆಟ್ಟಿಗೆ. ನಮ್ಮ ಊಟದ ಕ್ಯಾರಿಯರ್ ನೆನಪು ಮಾಡಿಕೊಳ್ಳಿ: ಅನ್ನದ ಡಬ್ಬಿಯ ಮೇಲೆ ಸಾರಿನದು, ಅದರ ಮೇಲೆ ಪಲ್ಯದ್ದು, ಎಲ್ಲಕ್ಕೂ ಸೇರಿ ಒಂದು ಹಿಡಿಕೆ. ಪಕ್ಕದ ಮನೆಯ ಕ್ಯಾರಿಯರಿನ ಡಬ್ಬಿ ನಮ್ಮದಕ್ಕೆ ಕೂರುವುದಿಲ್ಲ ಎನ್ನುವುದೂ ಎಲ್ಲರಿಗೂ ಗೊತ್ತು.

ಫೋಟೋದಲ್ಲಿರುವುದು ಸಿಸ್ಟೇನರ್ ಎನ್ನುವ ಪೆಟ್ಟಿಗೆ. ದಕ್ಷಿಣ ಜರ್ಮನಿಯಲ್ಲಿ ಯಾವ ಬಡಗಿಯ ವ್ಯಾನಿನ ಬಾಗಿಲು ತೆಗೆದರೂ ಕಾಣುವಂಥದ್ದು. ಟಾನೋಸ್ ಎಂಬ ಕಂಪನಿ 1993ರಲ್ಲಿ ತಂದದ್ದು. ಫೆಸ್ಟೂಲ್ ಹತ್ಯಾರಗಳು ಹೆಚ್ಚಾಗಿ ಇದರಲ್ಲೇ ಬರುತ್ತವೆ. ಇದರಲ್ಲಿ ಈಗ ಮೂರು ತಲೆಮಾರು. ಮೊದಲನೆಯದನ್ನು ಈಗ ಕ್ಲಾಸಿಕ್ ಅನ್ನುತ್ತಾರೆ, ನಾಲ್ಕು ಚಿಲಕದ್ದು. 2010ರಲ್ಲಿ ಬಂದದ್ದು ಟಿ-ಲಾಕ್, ಮುಂಭಾಗದಲ್ಲಿ ಟಿ ಅಕ್ಷರದ ಆಕಾರದ ಒಂದೇ ಚಿಲಕ, ಒಂದು ಕೈಯಲ್ಲಿ ತಿರುಗಿಸುವಂಥದ್ದು. ಅದಾದ ಸುಮಾರು ಹತ್ತು ವರ್ಷಕ್ಕೆ ಬಂದದ್ದು ಮೂರನೆಯದು, ಹೆಸರೂ ಸಿಸ್ಟೇನರ್ ಮೂರು. ಯಜಮಾನರ ಹದಿಮೂರರಲ್ಲಿ ಒಂಬತ್ತು ಕ್ಲಾಸಿಕ್, ನಾಲ್ಕು ಟಿ-ಲಾಕ್. ಮಗನದು ಮೂರನೆಯದು. ಒಂದೇ ಮನೆಯಲ್ಲಿ ಮೂರೂ ಇವೆ.

ಅಂಗಡಿಯಲ್ಲಿ ಕೇಳಿದರೆ "ಹಳೆಯದರ ಜೊತೆ ಹೊಂದುತ್ತದೆ" ಅನ್ನುತ್ತಾರೆ. ಸುಳ್ಳಲ್ಲ. ಆದರೆ ಹೊಂದುವುದು ಅಂದರೆ ಏನು? ಹುಡುಗ ಹುಡುಗಿ ಜಾತಕ ನೋಡಿದ ಹಾಗೆ, ಯಾವ ಕೂಟ ಕೂಡಿತು ಅಂತ ಬಿಡಿಸಿ ಕೇಳಬೇಕು. ಒಂದರ ಮೇಲೆ ಒಂದು ಕೂರುತ್ತದೆಯೇ ಎನ್ನುವುದು ಒಂದು ಪ್ರಶ್ನೆ. ಕೂತ ಮೇಲೆ ಚಿಲಕ ಬೀಳುತ್ತದೆಯೇ, ಎತ್ತಿದರೆ ಕೆಳಗಿನದೂ ಜೊತೆಗೆ ಬರುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ಚಿಲಕ ಬಿದ್ದ ಮೇಲೆ, ಪೇರಿಸಿದ ಹಾಗೇ ಇರುವಾಗ ನಡುವಿನ ಪೆಟ್ಟಿಗೆಯ ಮುಚ್ಚಳ ತೆಗೆಯಬಹುದೇ? ಅದು ಮತ್ತೂ ಬೇರೆ. ಟಿ-ಲಾಕ್ ಬಂದಾಗ ಜನ ಮೆಚ್ಚಿದ್ದು ಈ ಮೂರನೆಯದಕ್ಕೇ: ಮೇಲಿನ ಎರಡು ಪೆಟ್ಟಿಗೆ ಅಂಟಿಕೊಂಡಿರುವಾಗಲೇ ಕೆಳಗಿನದರ ಮುಚ್ಚಳ ಎತ್ತಬಹುದು. ಎರಡನೆಯ ಮತ್ತು ಮೂರನೆಯ ತಲೆಮಾರಿನಲ್ಲಿ ಚಿಲಕ ಒಂದೇ ಜಾತಿಯದು, ಅವಕ್ಕೆ ತಕರಾರಿಲ್ಲ. ಕ್ಲಾಸಿಕ್ ಮತ್ತು ಟಿ-ಲಾಕ್ ಜೋಡಿಸಿದರೆ ಹಿಡಿಯುವ ಕೆಲಸ ಹಳೆಯದರ ನಾಲ್ಕು ಚಿಲಕದ್ದು. ಗಟ್ಟಿಯಾಗಿಯೇ ಹಿಡಿಯುತ್ತದೆ, ಒಂದು ಕೈಯ ಸುಖ ಮಾತ್ರ ಹೋಯಿತು. ಮೇಲೆ ಹೇಳಿದ ಮೆಚ್ಚುಗೆಯ ಸಂಗತಿಯೂ ಅಲ್ಲಿಗೆ ಮುಗಿಯಿತು.

ಕೂರುವುದಕ್ಕೂ ಚಿಲಕ ಬೀಳುವುದಕ್ಕೂ ಇರುವ ವ್ಯತ್ಯಾಸ ಅರ್ಥವಾಗಬೇಕಾದರೆ ಲಿಫ್ಟ್ ಇಲ್ಲದ ಕಟ್ಟಡದಲ್ಲಿರಬೇಕು. ನಮ್ಮ ಮೇಲಿನ ಮನೆಯಲ್ಲಿ ಹಾಸನದ ಹುಡುಗ ಒಬ್ಬನಿದ್ದ. ಬೇರೆ ಯಾವುದೋ ಕಂಪನಿಯ ಪೆಟ್ಟಿಗೆ, ಹೆಸರು ಬೇಡ, ಹಳೆಯದರ ಮೇಲೆ ಹೊಸದನ್ನಿಟ್ಟ. ತಳದ ಕಾಲುಗಳು ಗುಳಿಯಲ್ಲಿ ಟಕ್ ಅಂತ ಕೂತವು. ಆ ಟಕ್ ಸದ್ದೇ ಮೋಸ. ಮೇಲಿನ ಹಿಡಿಕೆ ಹಿಡಿದು ಮೆಟ್ಟಿಲಿಳಿಯುವಾಗ ಎರಡನೇ ತಿರುವಿನಲ್ಲಿ ಕೆಳಗಿನದು ಕಳಚಿತು. ಒಳಗೆ ವೃತ್ತಾಕಾರದ ಗರಗಸ ಇತ್ತು. ಕೆಳಗೆ ಯಾರೂ ಬರುತ್ತಿರಲಿಲ್ಲ, ಅಷ್ಟೇ ಪುಣ್ಯ. ಅದಕ್ಕೇ ನಾನು ಯಾರಿಗೇ ಹೇಳಲಿ, ಬೆರಕೆ ಪೇರಿಕೆಯನ್ನು ಮೊದಲು ನೆಲದಿಂದ ನಾಲ್ಕು ಬೆರಳೆತ್ತರ ಎತ್ತಿ, ಅಲುಗಾಡಿಸಿ ನೋಡಿ, ಆಮೇಲೆ ಮೆಟ್ಟಿಲ ಕಡೆ ತಿರುಗಿ ಅನ್ನುತ್ತೇನೆ.

ಆ ತಾಯಿಯ ಕಪಾಟಿನ ಪ್ರಶ್ನೆ ಮಾತ್ರ ಇದ್ಯಾವುದೂ ಅಲ್ಲ. ಅಲ್ಲಿ ಪೆಟ್ಟಿಗೆ ಪೆಟ್ಟಿಗೆಗೆ ಜಗಳವಿಲ್ಲ. ಜಗಳ ಎತ್ತರದ್ದು.

ಈ ಪೆಟ್ಟಿಗೆಗಳ ತಳದ ಅಳತೆ ಹೆಚ್ಚುಕಡಿಮೆ ಬದಲಾಗಿಲ್ಲ. ಟಿ-ಲಾಕ್‌ನದು 396 ಮಿಲಿಮೀಟರ್ ಉದ್ದ, 296 ಅಗಲ. ಮೂರನೆಯದರ ಸಾಮಾನ್ಯ ಗಾತ್ರದ್ದೂ ಅಷ್ಟೇ. ಅಂದರೆ 400ಕ್ಕೆ 300ರ ಚೌಕಟ್ಟಿನಲ್ಲಿ ಸರಿಯಾಗಿ ಕೂರುವಂಥದ್ದು. ಯುರೋಪಿನ ಸಾಗಣೆಯ ಪ್ಯಾಲೆಟ್ 1200ಕ್ಕೆ 800. ಅದರ ಮೇಲೆ ಇಂಥ ಎಂಟು ಪೆಟ್ಟಿಗೆ ಒಂದು ಸಾಲಿಗೆ ಹಿಡಿಸುತ್ತವೆ. ಲಾರಿ, ಗೋದಾಮು, ತರಕಾರಿ ತುಂಬುವ ಕ್ರೇಟು, ಎಲ್ಲವೂ ಈ ಅಳತೆಗೆ ಒಗ್ಗಿರುವಾಗ ತಳ ಬದಲಿಸುವ ಧೈರ್ಯ ಯಾರು ಮಾಡುತ್ತಾರೆ? ಎತ್ತರಕ್ಕೆ ಅಂಥ ಹಂಗಿಲ್ಲ. ಹಳೆಯದರಲ್ಲಿ ಎತ್ತರದ ಲೆಕ್ಕ ಸೇರು ಪಾವಿನ ಲೆಕ್ಕದಷ್ಟು ಚೆಂದ: ಚಿಕ್ಕದು 105 ಮಿಲಿಮೀಟರ್, ಮುಂದಿನದು ಅದರ ಒಂದೂವರೆ, ಆಮೇಲೆ 210, 315, 420. ಎರಡು ಚಿಕ್ಕದು ಒಂದು ದೊಡ್ಡದಕ್ಕೆ ಸಮ. ಮೂರನೆಯ ತಲೆಮಾರಿನಲ್ಲಿ 112, 137, 187, 237, 337, 437. ವ್ಯಾನಿನೊಳಗೆ ಹಳಿಯಂಥ ಪಟ್ಟಿಯ ಮೇಲೆ ನೇರವಾಗಿ ಜಾರಿಸಿ ಇಡಲು ಪೆಟ್ಟಿಗೆಯ ಪಕ್ಕದಲ್ಲೇ ಗಾಡಿ ಕೊರೆದಿದ್ದಾರೆ. ದಿನಾ ವ್ಯಾನಿನಲ್ಲಿ ಓಡಾಡುವವನಿಗೆ ಇದು ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಪೆಟ್ಟಿಗೆಗೆ ಆ ಗಾಡಿ ಇಲ್ಲ, ಆ ಪಟ್ಟಿಯ ಮೇಲೆ ಅದು ನಿಲ್ಲುವುದಿಲ್ಲ. ಮನೆಯಲ್ಲಿ 105ರ ಲೆಕ್ಕಕ್ಕೆ ಕಪಾಟು ಮಾಡಿಕೊಂಡವನ ಖಾನೆಗೆ ಹೊಸದು ಹೋಗುವುದಿಲ್ಲ. ಏಳು ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪ, ಅಷ್ಟೇ ಅಂತರ.

ಪೇರಿಸುವುದಷ್ಟೇ ನೋಡಿದರೆ ಇದು "ಹೊಂದುತ್ತದೆ". ಇಪ್ಪತ್ತು ವರ್ಷ ಅದೇ ಪೆಟ್ಟಿಗೆ ಕೊಂಡವನು ಪೆಟ್ಟಿಗೆಯೊಂದನ್ನೇ ಕೊಂಡಿರುವುದಿಲ್ಲ, ಅದರ ಸುತ್ತ ಹಲಗೆ ಕೊಯ್ದಿರುತ್ತಾನೆ. ಆ ಹಲಗೆಯ ಲೆಕ್ಕ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಕಂಪನಿಗಳು ಒಂದು ಕಾಗದದಲ್ಲಿ ಯಾವುದರ ಮೇಲೆ ಯಾವುದು ಕೂರುತ್ತದೆ, ಯಾರ ಚಿಲಕ ಹಿಡಿಯುತ್ತದೆ, ಎತ್ತರ ಎಷ್ಟು ಬದಲಾಯಿತು ಅಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಪೆಟ್ಟಿಗೆಯೊಳಗೇ ಇಟ್ಟರೆ ಏನು ಗಂಟು ಹೋಗುತ್ತದೋ ನನಗಂತೂ ತಿಳಿಯದು.

ಇರಲಿ, ಅಮ್ಮ, ಈಗ ನಿಮ್ಮ ಕಪಾಟಿಗೆ ಬರೋಣ. ನೀವು ಕಳಿಸಿದ ಲೆಕ್ಕದ ಪ್ರಕಾರ ಒಂದು ಖಾನೆಯ ಒಳ ಎತ್ತರ 108, ಹಲಗೆಯ ದಪ್ಪ 12. ಯಜಮಾನರು 105ರ ಪೆಟ್ಟಿಗೆಗೆ ಮೂರೇ ಮಿಲಿಮೀಟರ್ ಬಿಟ್ಟಿದ್ದಾರೆ, ಕೈ ಚೆನ್ನಾಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ಫೋಟೋದಲ್ಲಿ ಹಲಗೆಗಳನ್ನು ಅಂಟಿಸಿಲ್ಲ, ಪಕ್ಕದ ಗಾಡಿಯಲ್ಲಿ ತೂರಿಸಿದ್ದಾರೆ. ಹಾಗಿದ್ದರೆ ಒಂದು ಬಿಟ್ಟು ಒಂದು ಹಲಗೆ ಎಳೆದು ಹೊರಗೆ ತೆಗೆಯಿರಿ. 108, 12, ಮತ್ತೆ 108, ಒಟ್ಟು 228 ಆಯಿತು. ಅದರಲ್ಲಿ 112ರ ಎರಡು ಹೊಸ ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೆ ಹೆಚ್ಚೆಂದರೆ 224. ಹಿಡಿಸುತ್ತದೆ. ಎರಡು ಹಳೆಯವು ಹಿಡಿಸುತ್ತವೆ. ಒಂದು ಹಳೆಯದು ಒಂದು ಹೊಸದು, ಅದೂ ಹಿಡಿಸುತ್ತದೆ. ಮಗನ ಡ್ರಿಲ್ಲಿಂಗ್ ಮಷಿನ್ ಬಂದಿರುವ 187ರ ಪೆಟ್ಟಿಗೆಯೂ ಹೋಗುತ್ತದೆ. ಅಂದರೆ ಕಪಾಟಿನಲ್ಲಿ ಚಿಕ್ಕ ಪೆಟ್ಟಿಗೆಗಳು ಮೊದಲೆಷ್ಟು ಇದ್ದವೋ ಈಗಲೂ ಅಷ್ಟೇ ಇರುತ್ತವೆ. ಗರಗಸ ಮುಟ್ಟಬೇಕಾಗಿಲ್ಲ. ತೆಗೆದ ಹಲಗೆ ಬಿಸಾಡಬೇಡಿ, ಕಪಾಟಿನ ಹಿಂದೆ ಕಟ್ಟಿ ಕಳಿಸಿ. ಒಂದೇ ಕಷ್ಟ: ಕೆಳಗಿನದು ಬೇಕಾದರೆ ಮೇಲಿನದನ್ನೂ ಸೇರಿಸಿ ಎಳೆಯಬೇಕು. ಆದ್ದರಿಂದ ದಿನ ಬಳಸುವ ಸ್ಕ್ರೂ, ಬಿಟ್ಟು ಮೇಲೆ, ವರ್ಷಕ್ಕೊಮ್ಮೆ ಬೇಕಾಗುವುದು ಕೆಳಗೆ.

ಹಳೆಯ ಪೆಟ್ಟಿಗೆ ಕಳಿಸುವ ಮೊದಲು ಒಂದೊಂದರ ನಾಲ್ಕೂ ಚಿಲಕವನ್ನು ತೆಗೆದು ಹಾಕಿ ನೋಡಿ. ಇಷ್ಟು ವರ್ಷ ತಣ್ಣನೆಯ ನೆಲಮಾಳಿಗೆಯಲ್ಲಿದ್ದ ಪ್ಲಾಸ್ಟಿಕ್ಕು, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಪೇರಿಕೆಯ ನಡುವೆ ಹಾಕಬಾರದು. ಅಂಥದನ್ನು ಉಪ್ಪುಕಾಗದ, ಹಳೆ ಬಟ್ಟೆ ಇಡಲು ತಳದ ಖಾನೆಗೆ ಹಾಕಿ, ಎತ್ತುವ ಪ್ರಮೇಯವೇ ಬರುವುದಿಲ್ಲ. ಮಕಿತಾ ಕಂಪನಿಯ ಮ್ಯಾಕ್‌ಪ್ಯಾಕ್ ಎಂಬ ಪೆಟ್ಟಿಗೆಯೂ ಇದೇ ಹಳೆಯ ನಾಲ್ಕು ಚಿಲಕದ ಮಾದರಿಯದು, ನಿಮ್ಮ ಕ್ಲಾಸಿಕ್ ಮೇಲೆ ಚಿಲಕ ಹಾಕಿಕೊಳ್ಳುತ್ತದೆ. ಸ್ವಂತ ಮನೆಯವರಿಗಿಂತ ನೆಂಟರೇ ಹೆಚ್ಚು ಹೊಂದುವುದು ನಮಗೇನು ಹೊಸದಲ್ಲವಲ್ಲ. ಹೊಸ ಹತ್ಯಾರ ಕೊಳ್ಳುವಾಗ ಮಗನಿಗೆ ಇದು ಗೊತ್ತಿರಲಿ.

ಅಮೆರಿಕದ ಕೇಳುಗರು, ನಿಮ್ಮಲ್ಲಿ ಈ ಹೆಸರು ಅಷ್ಟು ಕೇಳುವುದಿಲ್ಲ. ಅಲ್ಲಿ ಹೆಚ್ಚಿನವರ ಗ್ಯಾರೇಜಿನಲ್ಲಿರುವುದು ಡಿವಾಲ್ಟ್, ಮಿಲ್ವಾಕಿ. ಡಿವಾಲ್ಟ್‌ನಲ್ಲಿ ಟಫ್‌ಸಿಸ್ಟಮ್ ಎರಡನೆಯ ಆವೃತ್ತಿ ಮೊದಲನೆಯದರ ಜೊತೆ ಸೇರುತ್ತದೆ. ಆದರೆ ಅದೇ ಕಂಪನಿಯ, ಅದೇ ಹಳದಿ ಕಪ್ಪು ಬಣ್ಣದ ಟೀಸ್ಟ್ಯಾಕ್ ಎನ್ನುವುದು ಇನ್ನೊಂದು ವ್ಯವಸ್ಥೆ. ಟಫ್‌ಸಿಸ್ಟಮ್ ಮೇಲೆ ಅದನ್ನು ಹಿಡಿಸಬೇಕಾದರೆ ನಡುವೆ ಅಡಾಪ್ಟರ್ ಬೇಕು. ರಿಯಾಯಿತಿ ಮಾರಾಟದಲ್ಲಿ ಬಣ್ಣ ನೋಡಿ ಕೊಳ್ಳಬೇಡಿ, ಹೆಸರು ಓದಿ.

ಮಗನಿಗೂ ಒಂದು ಮಾತು, ನೀನು ಕೇಳುತ್ತಿದ್ದರೆ. ಆ ಕಪಾಟನ್ನು ಬಿಚ್ಚದೆ ಬರ್ಲಿನ್‌ಗೆ ಸಾಗಿಸಲಾಗುವುದಿಲ್ಲ. ಬಿಚ್ಚುವ ಮುಂಚೆ ಪ್ರತಿ ಹಲಗೆಯ ಹಿಂದೆ ಪೆನ್ಸಿಲಿನಲ್ಲಿ ನಂಬರ್ ಹಾಕು. ಅಪ್ಪ ಆಗಲೇ ಹಾಕಿದ್ದಾರೆಯೇ ನೋಡು. ಅಮ್ಮ ಕಳಿಸಿದ ಫೋಟೋದಲ್ಲಿ ಮೂರನೆಯ ಹಲಗೆಯ ಅಂಚಿನಲ್ಲಿ ಕನ್ನಡದ ೩ರ ಹಾಗೆ ಏನೋ ಕಾಣಿಸಿತು.